ಮಣ್ಣು ಕಕ್ಕಿಸುವ ತೊಟ್ಟಿ

ಕಡಲದಂಡೆಯ ಆ ಲ್ಯಾಬಿನಲ್ಲಿ ಎಲ್ಲರೂ ನಡೆಯುತ್ತಾರೆ, ಅವಳೊಬ್ಬಳು ಓಡುತ್ತಾಳೆ. ಅವಳಿಗೆ ಸುಂಟರಗಾಳಿ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ; ಯಾರೇ ಆಗಿರಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ವಯಸ್ಸು ನಲವತ್ತು ದಾಟಿದೆ, ಮಂಡಿ ಆಗಾಗ ಕಟಕಟ ಎನ್ನುತ್ತದೆ. ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಬಾಟಲಿ ಹಿಡಿದು ಕಾರಿಡಾರಿಗೆ ಇಳಿದಳೆಂದರೆ ಎದುರಿಗೆ ಬಂದವರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಬಾಟಲಿಯಲ್ಲಿರುವುದು ಆಸಿಡ್ ಎಂದು ಎಲ್ಲರಿಗೂ ಗೊತ್ತು. ಇಷ್ಟು ವರ್ಷಗಳಲ್ಲಿ ಅವಳು ಒಂದು ಹನಿಯನ್ನೂ ಚೆಲ್ಲಿಲ್ಲ ಎಂಬುದೂ ಗೊತ್ತು. ಆದರೂ ಜೀವ ಯಾರಿಗೆ ಬೇಡ ಹೇಳಿ.

ಅವಳ ಕೆಲಸವೇನು ಎಂದು ಗಂಡನನ್ನು ಕೇಳಿದರೆ, ಚಿಪ್ಪು ಒಡೆಯುವುದು, ಕೆಸರು ಒಣಗಿಸುವುದು, ಬಾಟಲಿ ತೊಳೆಯುವುದು, ಆಮೇಲೆ ಮನೆಗೆ ಬಂದು ತನ್ನ ತಲೆ ತಿನ್ನುವುದು ಎನ್ನುತ್ತಾನೆ. ಆತ ಬಸ್ ಡ್ರೈವರ್. ದಿನವಿಡೀ ಹಾರನ್ನಿನ ನಡುವೆ ಬದುಕುವವನಿಗೆ ಸಂಜೆ ಮಾತಿನಲ್ಲಾದರೂ ತಮಾಷೆ ಬೇಕು. ಆದರೆ ಅವನು ಹೇಳಿದ್ದು ಸುಳ್ಳೇನಲ್ಲ. ಕಡಲ ತಳದ ಕೆಸರಿನಲ್ಲಿ, ಚಿಪ್ಪುಮೀನಿನ ಮಾಂಸದಲ್ಲಿ ಸೀಸ, ತಾಮ್ರ, ಸತುವಿನಂಥ ಲೋಹಗಳು ಎಷ್ಟು ಸೇರಿಕೊಂಡಿವೆ ಎಂದು ಅಳೆಯುವ ಲ್ಯಾಬ್ ಅದು. ಲೋಹವೆಂದರೆ ಕೈಗೆ ತಗಲುವ ತುಂಡಲ್ಲ. ಬಾವಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಎಷ್ಟು ಹಾಕಿದೆ ಹೇಳು ಎಂದರೆ ಹೇಗೋ ಹಾಗೆ. ಅಷ್ಟು ಸಣ್ಣದನ್ನು ಹಿಡಿಯಬೇಕಾದರೆ, ಹಿಡಿಯುವವರ ಮೈಮೇಲಿನದು ಬಾಟಲಿಗೆ ಬೀಳಬಾರದು. ಹಾಗಾಗಿ ಸುಂಟರಗಾಳಿ ಉಂಗುರ ತೊಡುವುದಿಲ್ಲ, ಓಲೆ ಹಾಕುವುದಿಲ್ಲ, ಮುಖಕ್ಕೆ ಪೌಡರ್ ಹಚ್ಚುವುದಿಲ್ಲ, ನರೆತ ಕೂದಲಿಗೆ ಬಣ್ಣ ಬಳಿಯುವುದಿಲ್ಲ. ಮದುವೆಮನೆಗೂ ಹಾಗೇ ಹೊರಟುಬಿಡುತ್ತಾಳೆ. ನೆಂಟರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಗಂಡನ ಅಕ್ಕ ಒಮ್ಮೆ ತಮ್ಮನನ್ನು ಮೂಲೆಗೆ ಕರೆದು, ಹೆಂಡತಿಯ ಒಡವೆಗಳನ್ನೆಲ್ಲ ಏನು ಮಾಡಿದೆಯೋ ಎಂದು ಗದರಿಸಿಯೇ ಬಿಟ್ಟಳಂತೆ.

ಲ್ಯಾಬಿನಲ್ಲಿ ಇನ್ನೊಂದು ಪದ್ಧತಿ ಇದೆ. ಚಿಪ್ಪಿನ ಮಾಂಸವನ್ನು ಬಾಟಲಿಗಳಿಗೆ ಹಾಕಿ ಆಸಿಡ್‌ನಲ್ಲಿ ಕರಗಿಸುವಾಗ, ಪಕ್ಕದಲ್ಲಿ ಏನೂ ಹಾಕದ ಒಂದು ಬಾಟಲಿಯನ್ನೂ ಇಡುತ್ತಾರೆ. ಅದಕ್ಕೂ ಅದೇ ಆಸಿಡ್, ಅದೇ ಬಿಸಿ, ಅದೇ ನೀರು. ಕೊನೆಗೆ ಅದರಲ್ಲೂ ಸೀಸ ಸಿಕ್ಕಿತೋ, ಆ ಸೀಸ ಕಡಲಿನದಲ್ಲ, ನಮ್ಮ ಕೈಯದು. ಖಾಲಿ ಬಾಟಲಿ ಎಂದು ಅದರ ಹೆಸರು. ಇನ್ನೊಬ್ಬರ ಕಡೆ ಬೊಟ್ಟು ಮಾಡುವ ಮೊದಲು ನಿನ್ನ ಕೈ ನೋಡಿಕೋ ಎನ್ನುವುದಷ್ಟೇ ಅದರ ಕೆಲಸ. ಸುಂಟರಗಾಳಿಗೆ ಅದರ ಮೇಲೆ ಪ್ರಾಣ. ಅವಳ ಖಾಲಿ ಬಾಟಲಿ ಯಾವಾಗಲೂ ಖಾಲಿಯೇ ಬರುತ್ತಿತ್ತು, ಹಾಗೆ ಬಂದ ದಿನವೆಲ್ಲ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು.

ಈ ಶುದ್ಧಿಯ ಹುಚ್ಚು ಅವಳಿಗೆ ಲ್ಯಾಬಿನಲ್ಲಿ ಹತ್ತಿದ್ದಲ್ಲ, ಹತ್ತಿಸಿದವಳು ಚಿಕ್ಕಮ್ಮ. ಅಮ್ಮ ತೀರಿಕೊಂಡಾಗ ಸುಂಟರಗಾಳಿ ಇನ್ನೂ ಚಿಕ್ಕ ಹುಡುಗಿ. ಅಮ್ಮನ ತಂಗಿ ಬಂದವಳೇ, ಯಾರನ್ನೂ ಕೇಳದೆ, ಇದು ನನ್ನ ಮಗು ಎಂದು ಕೈಹಿಡಿದು ಕರೆದುಕೊಂಡು ಹೋದಳು. ಚಿಕ್ಕಮ್ಮ, ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ. ನದಿ ಕಡಲು ಸೇರುವ ಕಡೆ ಒಂದು ಬಂಡೆಸಾಲು; ಅಲ್ಲಿ ಚಿಪ್ಪು ಕೀಳುವ ಪರವಾನಗಿ ಅವರದು. ಚಿಕ್ಕಪ್ಪ ನೀರಿಗಿಳಿದು ಕೀಳುತ್ತಿದ್ದ, ಚಿಕ್ಕಮ್ಮ ಮಾರುಕಟ್ಟೆಯಲ್ಲಿ ಮಾರುತ್ತಿದ್ದಳು. ಚಿಕ್ಕಪ್ಪ ತೀರಿಹೋದ ಮೇಲೆ ಎರಡೂ ಅವಳೇ.

ಚಿಪ್ಪುಮೀನು ನೀರನ್ನು ಸೋಸಿ ಬದುಕುವ ಪ್ರಾಣಿ. ನೀರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆಯಲ್ಲಿ. ಕಿತ್ತದ್ದನ್ನು ಹಾಗೇ ಒಲೆಗಿಟ್ಟರೆ ತಿನ್ನುವವರ ಹಲ್ಲಿನ ಕೆಳಗೆ ಮರಳು ಕರಕರ ಎನ್ನುತ್ತದೆ. ಬೇರೆ ಮಾರುವವರು ಎರಡು ಸಲ ನೀರಲ್ಲಿ ಜಾಲಿಸಿ ಕೈತೊಳೆದುಕೊಳ್ಳುತ್ತಾರೆ. ಚಿಕ್ಕಮ್ಮ ಮಾತ್ರ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ತಿಳಿಯಾದ ಕಡಲ ನೀರು ತುಂಬಿಸಿ, ಚಿಪ್ಪುಗಳನ್ನು ಬಲೆಯಲ್ಲಿ ಹರಡಿ, ಬಲೆ ಮೇಲೇಳದ ಹಾಗೆ ಅಂಚಿಗೆ ಗುಂಡುಗಳನ್ನು ಕಟ್ಟಿ ರಾತ್ರಿಯಿಡೀ ಮುಳುಗಿಸಿಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅವು ಹೊಟ್ಟೆಯ ಮಣ್ಣನ್ನೆಲ್ಲ ಕಕ್ಕಿ ಹಗುರವಾಗಿರುತ್ತವೆ. ನನ್ನ ಚಿಪ್ಪಿನಲ್ಲಿ ಒಂದೇ ಒಂದು ಕಾಳು ಮರಳು ತೋರಿಸಿ ನೋಡೋಣ ಎಂದು ಮಾರುಕಟ್ಟೆಯಲ್ಲಿ ಸವಾಲು ಹಾಕುತ್ತಾಳೆ. ಇವತ್ತಿನವರೆಗೆ ಯಾರೂ ತೋರಿಸಿಲ್ಲ.

ಆ ಗುಂಡುಗಳು ಚಿಕ್ಕಪ್ಪ ಕೈಯಾರೆ ಮಾಡಿದ್ದು. ಅದೇನನ್ನೋ ಕರಗಿಸಿ, ಹಳೆಯ ಸ್ಟೀಲ್ ಲೋಟದಲ್ಲಿ ಎರಕ ಹೊಯ್ದು, ತುದಿಗೊಂದು ತೂತು ಬಿಟ್ಟಿದ್ದ. ಮನೆಯಲ್ಲಿ ಅವಕ್ಕೆ ಗುಂಡು ಎಂದಷ್ಟೇ ಹೆಸರು. ಪ್ರತಿ ಸಂಜೆ ಚಿಕ್ಕಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತು, ತಂತಿ ಬ್ರಷ್ಷನ್ನು ಆ ನೀರಿನಲ್ಲೇ ಅದ್ದಿ ಅದ್ದಿ, ಒಂದೊಂದು ಗುಂಡನ್ನೂ ಬೆಳ್ಳಿಯ ಹಾಗೆ ಹೊಳೆಯುವ ತನಕ ಉಜ್ಜುತ್ತಾಳೆ. ಚಿಪ್ಪಿನ ಜೊತೆ ಮಲಗುವ ವಸ್ತು ಚೊಕ್ಕವಾಗಿರಬೇಡವೇ ಎನ್ನುವುದು ಅವಳ ವಾದ. ಸುಂಟರಗಾಳಿ ಹುಡುಗಿಯಾಗಿದ್ದಾಗ ಬ್ರಷ್ ತನಗೇ ಬೇಕೆಂದು ರಂಪ ಮಾಡುತ್ತಿದ್ದಳು. ಮಬ್ಬಾದ ಗುಂಡು ಕೈಯೊಳಗೆ ಮಿನುಗಲು ಶುರುವಾಗುವುದು ಅವಳಿಗೆ ಎಲ್ಲಿಲ್ಲದ ಖುಷಿ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮನ ಉಜ್ಜಾಟ ಇನ್ನೂ ಜಾಸ್ತಿಯಾಯಿತು. ಗಂಡನ ಜೊತೆ ಮಾತಾಡುವ ಹೊತ್ತು ಅದು ಎಂದು ಎಲ್ಲರೂ ಸುಮ್ಮನಾದರು.

ಹೀಗಿರುವಾಗ ಮಾರುಕಟ್ಟೆಗೆ ಹೊಸ ಇನ್ಸ್‌ಪೆಕ್ಟರ್ ಒಬ್ಬ ಬಂದ. ಚಿಪ್ಪುಮೀನಿನಲ್ಲಿ ಲೋಹ ಪರೀಕ್ಷೆ ಮಾಡಿಸಬೇಕು ಎಂಬ ಹೊಸ ನಿಯಮವನ್ನು ಹಿಡಿದುಕೊಂಡೇ ಬಂದಿದ್ದ. ಚಿಕ್ಕಮ್ಮನ ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡು ಹೋದ. ಚಿಕ್ಕಮ್ಮ ಹೆಮ್ಮೆಯಿಂದ ಇನ್ನೊಂದು ಹಿಡಿ ಮೇಲೆ ಹಾಕಿ ಕೊಟ್ಟಳು. ವಾರ ಕಳೆಯಿತು, ಉತ್ತರ ಬಂತು. ಸೀಸ, ಇರಬಹುದಾದ ಮಿತಿಯ ಮೂರು ಪಟ್ಟು. ಬಂಡೆಸಾಲಿನ ದಡದಲ್ಲಿ ಕೆಂಪು ಫಲಕ ನೆಟ್ಟರು, ಕೀಳುವುದು ಮಾರುವುದು ಎರಡೂ ಬಂದ್. ಕಡಲದಂಡೆಯ ಲ್ಯಾಬಿನವರು ಇನ್ನೊಮ್ಮೆ ಅಳೆಯಬೇಕು, ಅವರದ್ದೂ ಹಾಗೇ ಬಂದರೆ ಬಂಡೆಸಾಲಿನ ಪರವಾನಗಿ ಕಾಯಂ ಆಗಿ ರದ್ದು ಎಂದರು.

ಚಿಕ್ಕಮ್ಮ ಲ್ಯಾಬಿನ ಗೇಟಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಹೊರಗೇ ನಿಂತಳು. ವ್ಯಾಪಾರ ನಿಂತದ್ದರ ಬಗ್ಗೆ ಒಂದು ಮಾತಿಲ್ಲ.

“ನನ್ನ ಚಿಪ್ಪು ಕೊಳಕು ಅಂದ್ರು ಕಣೇ,” ಎಂದಳು. “ಎಲ್ಲರ ಎದುರಿಗೆ.”

ಸುಂಟರಗಾಳಿಗೆ ಪಾಪ ಎನಿಸಿತು. ಅದರ ಬೆನ್ನಿಗೇ, ಸುಳ್ಳೇಕೆ ಹೇಳಬೇಕು, ಮೈಯಲ್ಲಿ ಒಂದು ಹುರುಪೂ ಎದ್ದಿತು. ಏಕೆಂದರೆ ಕಳ್ಳ ಯಾರೆಂದು ಅವಳಿಗೆ ಗೊತ್ತಿತ್ತು. ನದಿಯ ಮೇಲ್ದಂಡೆಯಲ್ಲಿ ಒಂದು ಪಾಳುಬಿದ್ದ ಪೇಂಟ್ ಫ್ಯಾಕ್ಟರಿ ಇದೆ. ಮುಚ್ಚಿ ಎಷ್ಟೋ ಕಾಲವಾಯಿತು, ಆದರೂ ಅದರ ಮೋರಿಯ ಬಾಯಲ್ಲಿ ಕೆಸರು ಇಂದಿಗೂ ಬಣ್ಣಬಣ್ಣ. ಹಳೆಯ ಪೇಂಟ್ ಎಂದರೆ ಸೀಸ. ಕೆಸರು ಕೊಚ್ಚಿಕೊಂಡು ಬಂದು ಬಂಡೆಸಾಲಿನ ಬುಡದಲ್ಲಿ ಕೂತಿದೆ, ಚಿಪ್ಪು ಅದನ್ನು ಕುಡಿದಿದೆ, ಲೆಕ್ಕ ಚುಕ್ತಾ. ಕೆಸರಿನಲ್ಲಿ ಸೀಸ ತೋರಿಸಿಬಿಟ್ಟರೆ ತಪ್ಪು ಫ್ಯಾಕ್ಟರಿಯದು ಎಂದು ಊರಿಗೆಲ್ಲ ಗೊತ್ತಾಗುತ್ತದೆ, ಕೆಸರು ತೆಗೆಸಬಹುದು, ಬಂಡೆಸಾಲು ಉಳಿಯುತ್ತದೆ. ಗೇಟಿನಲ್ಲೇ ಚಿಕ್ಕಮ್ಮನಿಗೆ ಮಾತು ಕೊಟ್ಟು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಮೇಡಂ ಕೋಣೆಗೆ ನುಗ್ಗಿದಳು.

ಮೇಡಂ ಲ್ಯಾಬಿನ ಮುಖ್ಯಸ್ಥೆ. ಇವಳು ಹತ್ತು ಮಾತಾಡಿದರೆ ಆಕೆ ಒಂದು ಆಡುವುದು. ಮೇಜಿನ ಮೇಲಿನ ಚಹಾ ಆರಿ ತಣ್ಣಗಾಗದೆ ಕುಡಿದದ್ದನ್ನು ಯಾರೂ ಕಂಡಿಲ್ಲ. ಪೂರ್ತಿ ಕೇಳಿಸಿಕೊಂಡು, ನಿಮ್ಮ ಚಿಕ್ಕಮ್ಮನ ಚಿಪ್ಪನ್ನು ನೀವೇ ಅಳೆದರೆ ಯಾರು ನಂಬುತ್ತಾರೆ ಎಂದು ಕೇಳಿದರು.  ಕೊನೆಗೆ ಒಪ್ಪಂದವಾಯಿತು. ತಂದು, ಒಡೆದು, ಕರಗಿಸುವುದು ಇವಳು. ಬಾಟಲಿಗಳಿಗೆ ಗುಟ್ಟಿನ ಸಂಖ್ಯೆ ಹಾಕುವುದು, ಯಂತ್ರಕ್ಕೆ ಕೊಟ್ಟು ಓದುವುದು, ಸಹಿ ಮಾಡುವುದು ಮೇಡಂ.

ಗಂಡನಿಗೆ ರಜೆಯಿದ್ದ ದಿನ ನೋಡಿ, ಬಕೆಟ್ ಹಿಡಿಯಲು ಅವನನ್ನೂ ಎಳೆದುಕೊಂಡು ನದಿಮುಖಕ್ಕೆ ಹೊರಟಳು. ದಡದಲ್ಲಿ ಅವನ ಸೊಂಟದ ಬೆಲ್ಟಿನ ಬಕಲ್ ಕಣ್ಣಿಗೆ ಬಿತ್ತು. ಲೋಹ! ಬಿಚ್ಚಿ ಅಂದಳು. ಪ್ಯಾಂಟು ನಿಲ್ಲಲ್ಲ ಮಾರಾಯ್ತಿ ಎಂದು ಅವನು ಗೋಗರೆದರೂ ಬಿಡಲಿಲ್ಲ. ಪಾಪ, ಆತ ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಬೆಳಗ್ಗೆಯೆಲ್ಲ ಹಿಂದೆ ಹಿಂದೆ ನಡೆದ. ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ ಎತ್ತುವುದು, ಕಪ್ಪಗೆ ನೀಳವಾಗಿ ಬಂದ ಕೆಸರನ್ನು ಡಬ್ಬಿಗೆ ಜಾರಿಸುವುದು, ಮುಚ್ಚುವುದು. ಬಂಡೆಸಾಲಿನ ಬುಡದಲ್ಲಿ, ಆಚೆ, ಈಚೆ, ಮೇಲೆ ಫ್ಯಾಕ್ಟರಿಯ ಮೋರಿಬಾಯಲ್ಲೂ. ಸುಂಟರಗಾಳಿ ಒಂದೊಂದು ಡಬ್ಬಿಯೂ ಫ್ಯಾಕ್ಟರಿಯ ಕೊರಳಿಗೆ ಒಂದೊಂದು ಕುಣಿಕೆ ಎಂದುಕೊಂಡು ತುಂಬಿದಳು.

ಕೆಸರಿನ ಕೆಲಸ ಮುಗಿಯುವಷ್ಟರಲ್ಲಿ ಉಬ್ಬರ ಏರಿಬಿಟ್ಟಿತು, ಬಂಡೆಗಳು ಮುಳುಗಿದವು. ಇನ್ನು ಚಿಪ್ಪು ಕೀಳುವುದು ಹೇಗೆ ಎಂದು ನೋಡುತ್ತಿದ್ದಾಗ ದಡಕ್ಕೆ ಚಿಕ್ಕಮ್ಮ ಬಂದಳು. ಫಲಕ ನೆಟ್ಟ ದಿನ ಕಿತ್ತಿದ್ದ ಚಿಪ್ಪು ಇನ್ನೂ ಅವಳ ತೊಟ್ಟಿಯಲ್ಲೇ ಇತ್ತು. ಮಾರುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ದಿನಾ ನೀರು ಬದಲಿಸಿ, ದಿನಾ ಗುಂಡು ಉಜ್ಜಿ ಸಾಕಿಕೊಂಡಿದ್ದಳು. ಅದರಲ್ಲೇ ಒಳ್ಳೊಳ್ಳೆಯದನ್ನು ಆರಿಸಿ ಚೀಲಕ್ಕೆ ಹಾಕಿ ತಂದಿದ್ದಳು. ಇದೇ ಬಂಡೆಯದ್ದಲ್ಲವೇ, ಯಾಕೆ ನೆನೆಯುತ್ತೀಯ ಎಂದಳು. ಅವಸರದ ಹೆಂಗಸು, ಒದ್ದೆ ಬಟ್ಟೆ, ಮೇಲೆ ಚಿಕ್ಕಮ್ಮನ ಪ್ರೀತಿ. ಸುಂಟರಗಾಳಿ ಚೀಲ ಇಸಿದುಕೊಂಡು, ಮೇಲೆ ‘ಬಂಡೆಸಾಲು’ ಎಂದು ಚೀಟಿ ಅಂಟಿಸಿದಳು.

ಯಂತ್ರ ಓದುವ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿನ ಹೊರಗೆ ಕಾರಿಡಾರಿನಲ್ಲಿ ಎಷ್ಟು ಸಲ ತಿರುಗಿದಳೋ. ಮೇಡಂ ಹೊರಗೆ ಬಂದು ಕೆಸರಿನ ಲೆಕ್ಕ ಹೇಳಿದರು. ಬಂಡೆಸಾಲಿನ ಕೆಸರಿನಲ್ಲಿ ಸೀಸ ತೀರಾ ಕಡಿಮೆ. ಫ್ಯಾಕ್ಟರಿಯ ಮೋರಿಬಾಯಲ್ಲಿ ಇದ್ದದ್ದು ಅಲ್ಲೇ ಕೂತಿದೆ, ಕೆಳಗೆ ಬಂದಿಲ್ಲ. ಚಿಪ್ಪಿನಲ್ಲಿ ಮಾತ್ರ ಮಿತಿಯ ನಾಲ್ಕು ಪಟ್ಟು, ಮೊದಲಿನದಕ್ಕಿಂತಲೂ ಹೆಚ್ಚು.

ಸುಂಟರಗಾಳಿ ಇಂಗು ತಿಂದ ಮಂಗನ ಹಾಗೆ ನಿಂತಳು. ಕೆಸರು ಚೊಕ್ಕ, ಅದರ ಮೇಲೆಯೇ ಬದುಕುವ ಚಿಪ್ಪು ವಿಷ. ಇದು ಯಾವ ನ್ಯಾಯ? ನನ್ನ ಕೈಯದೇ ಇರಬೇಕು, ಖಾಲಿ ಬಾಟಲಿ ನೋಡಿ ಎಂದಳು. ಮೇಡಂ ಆಗಲೇ ನೋಡಿದ್ದರು. ಖಾಲಿ ಬಾಟಲಿ ಖಾಲಿಯೇ. ಜೀವಮಾನದಲ್ಲಿ ಮೊದಲ ಸಲ ಅದು ಖಾಲಿ ಬಂದದ್ದಕ್ಕೆ ಅವಳಿಗೆ ಅಳು ಬಂತು. ಫ್ಯಾಕ್ಟರಿ ತಪ್ಪಿಸಿಕೊಂಡಿತು, ತನ್ನ ಕೈಯೂ ತಪ್ಪಿಸಿಕೊಂಡಿತು, ಉಳಿದದ್ದು ಚಿಕ್ಕಮ್ಮನ ಬಂಡೆ ಒಂದೇ. ಇದೇ ಸಂಖ್ಯೆ ಇನ್ಸ್‌ಪೆಕ್ಟರನ ಕೈಗೆ ಹೋದರೆ ಮುಗಿಯಿತು.

ಇನ್ನೊಮ್ಮೆ ಮಾಡೋಣ, ಈ ಸಲ ನಾನೂ ಪಕ್ಕದಲ್ಲಿ ಕೂರುತ್ತೇನೆ ಎಂದರು ಮೇಡಂ. ಫ್ರೀಜರಿನಲ್ಲಿ ಉಳಿದಿದ್ದ ಚಿಪ್ಪುಗಳನ್ನು ತೆಗೆದರು. ಸುಂಟರಗಾಳಿ ಲೋಹ ತಾಗಬಾರದೆಂದು ಸೆರಾಮಿಕ್ ಚಾಕುವಿನಿಂದ ಒಂದೊಂದನ್ನೇ ಬಿಡಿಸಿ ತಟ್ಟೆಗೆ ಹಾಕುತ್ತಾ ಹೋದಳು. ಮುಖ ಊದಿಸಿಕೊಂಡಿದ್ದಳು. ಮೇಡಂ ಒಂದು ಚಿಪ್ಪನ್ನು ಎತ್ತಿ ದೀಪದ ಕೆಳಗೆ ಹಿಡಿದು, ಗ್ಲೌಸಿನ ಬೆರಳಲ್ಲಿ ಒಳಗೆಲ್ಲ ಸವರಿದರು. ಇನ್ನೊಂದನ್ನು ಸವರಿದರು.

“ನದಿಮುಖದ ಚಿಪ್ಪು ಇದು. ಒಂದು ಕಾಳು ಮರಳೂ ಇಲ್ವಲ್ಲ?”

“ನಮ್ಮ ಚಿಕ್ಕಮ್ಮನ ಚಿಪ್ಪಲ್ಲಿ ಮರಳು ಎಲ್ಲಿಂದ ಬರ್ಬೇಕು ಮೇಡಂ,” ಎಂದು ಸುಂಟರಗಾಳಿ ಅಭ್ಯಾಸಬಲದಲ್ಲಿ ತಲೆ ಎತ್ತಿದಳು. “ರಾತ್ರಿಯೆಲ್ಲ ತೊಟ್ಟೀಲಿ ಇಟ್ಟು...”

 ಚಾಕು ಗಾಳಿಯಲ್ಲೇ ನಿಂತಿತು. ಇಬ್ಬರೂ ತಟ್ಟೆಯನ್ನು ನೋಡಿದರು. ಇನ್ಸ್‌ಪೆಕ್ಟರ್ ತೆಗೆದುಕೊಂಡು ಹೋದದ್ದೂ ತೊಟ್ಟಿಯ ಚಿಪ್ಪು, ತಾನು ತಂದದ್ದೂ ತೊಟ್ಟಿಯ ಚಿಪ್ಪು. ಬಂಡೆಯಿಂದ ನೇರ ಬಂದ ಒಂದು ಚಿಪ್ಪನ್ನೂ ಇಲ್ಲಿಯವರೆಗೆ ಯಾರೂ ಅಳೆದೇ ಇಲ್ಲ. ಚೀಟಿಯಲ್ಲಿ ಬಂಡೆಸಾಲು ಎಂದು ಬರೆದವಳು ಇವಳೇ. ನಾಲಿಗೆ ಕಚ್ಚಿಕೊಂಡಳು, ತಲೆ ಚಚ್ಚಿಕೊಂಡಳು. ಮೇಡಂ ಬೈಯಬೇಕಿತ್ತು, ಬೈಯಲೂ ಬಹುದಿತ್ತು. ಆಕೆ ನಕ್ಕರು, ಆಮೇಲೆ ತಮ್ಮ ಕೋಣೆಗೆ ಹೋಗಿ ಚಹಾವನ್ನು ಬಿಸಿಯಿರುವಾಗಲೇ ಕುಡಿದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಳಿತ. ಸುಂಟರಗಾಳಿ ಅಷ್ಟರಲ್ಲಾಗಲೇ ಬಂಡೆಗಳ ಮೇಲೆ ಇದ್ದಳು, ಪರೀಕ್ಷೆಗೆಂದು ಅನುಮತಿ ಪಡೆದು. ಅಲೆ ಬಡಿದು ಮೂಗು ಬಾಯಿಗೆಲ್ಲ ಉಪ್ಪುನೀರು ನುಗ್ಗಿತು. ಕೈಯಾರೆ ಕಿತ್ತು, ಅಲ್ಲೇ ಒಂದನ್ನು ಬಿಡಿಸಿ ಬೆರಳಾಡಿಸಿದಳು. ಕರಕರ ಮರಳು. ಚಿಕ್ಕಮ್ಮ ನೋಡಿದ್ದರೆ ಹೇಸುತ್ತಿದ್ದಳು, ಇವಳಿಗೆ ಕುಣಿಯುವಂತಾಯಿತು. ಬಂಡೆಯ ಚಿಪ್ಪು ಒಂದು ಕಡೆ, ತೊಟ್ಟಿಯ ಚಿಪ್ಪು ಒಂದು ಕಡೆ, ನಡುವೆ ಖಾಲಿ ಬಾಟಲಿ. ಮೇಡಂ ಗುಟ್ಟಿನ ಸಂಖ್ಯೆ ಹಾಕಿದರು. ಯಂತ್ರ ಓದಿದಾಗ ಈ ಸಲ ಮೇಡಂ ಬಾಗಿಲು ತೆರೆದು ಅವಳನ್ನು ಒಳಗೇ ಕರೆದರು. ಬಂಡೆಯ ಚಿಪ್ಪಿನಲ್ಲಿ ಸೀಸ ಮಿತಿಯ ಹತ್ತಿರಕ್ಕೂ ಸುಳಿದಿರಲಿಲ್ಲ; ತೊಟ್ಟಿಯದರಲ್ಲಿ ಮಾತ್ರ ಮತ್ತೆ ಅದೇ ನಾಲ್ಕು ಪಟ್ಟು.

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಡಲು ಶುದ್ಧ, ಕೆಸರು ಶುದ್ಧ, ಬಂಡೆ ಶುದ್ಧ! ಬಂಡೆಗೂ ಬುಟ್ಟಿಗೂ ನಡುವೆ ಎಲ್ಲೋ ಸೇರುತ್ತಿದೆ ಎಂದರು ಮೇಡಂ. ಆ ದಾರಿಯಲ್ಲಿ ಇರುವ ತಂಗುದಾಣ ಒಂದೇ. ಅಂದು ಸಂಜೆ ಸುಂಟರಗಾಳಿ ಬಾಟಲಿಗಳ ಚೀಲ ಹೆಗಲಿಗೇರಿಸಿ ಚಿಕ್ಕಮ್ಮನ ಹಿತ್ತಲಿಗೆ ಓಡಿದಳು. ದಾರಿಯುದ್ದಕ್ಕೂ ಸಿಮೆಂಟೋ, ಬಲೆಯ ಬಣ್ಣವೋ, ಕೊಳಾಯಿಯ ಪೈಪೋ ಎಂದು ಲೆಕ್ಕ ಹಾಕುತ್ತಲೇ ಇದ್ದಳು.

ಚಿಕ್ಕಮ್ಮ ಕಟ್ಟೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಗುಂಡುಗಳು. ಏನು ಬೇಕಾದರೂ ತುಂಬಿಕೋ ಎಂದು ಬ್ರಷ್ಷಿನಲ್ಲೇ ಸನ್ನೆ ಮಾಡಿ, ತನ್ನ ಕೆಲಸ ಮುಂದುವರಿಸಿದಳು. ಸುಂಟರಗಾಳಿ ನೀರು ತುಂಬಿಕೊಂಡಳು, ಗೋಡೆ ಕೆರೆದುಕೊಂಡಳು, ಬಲೆಯ ಒಂದು ಎಳೆ ಕತ್ತರಿಸಿಕೊಂಡಳು. ಹಿಂದೆ ಬ್ರಷ್ಷಿನ ಸದ್ದು ಕೇಳುತ್ತಲೇ ಇತ್ತು. ಚಿಕ್ಕಂದಿನಿಂದ ಕೇಳಿದ ಸದ್ದು, ಗಮನಕ್ಕೆ ಬರುತ್ತದೆಯೇ? ಚಿಕ್ಕಮ್ಮ ಬ್ರಷ್ಷನ್ನು ತೊಟ್ಟಿಗೆ ಅದ್ದಿದಳು. ಬ್ರಷ್ಷಿನಿಂದ ಬೂದು ಬಣ್ಣದ ನೀರಿನ ಒಂದು ಎಳೆ ಇಳಿದು, ತಿಳಿನೀರಿನೊಳಗೆ ಹರಡಿ, ಕೆಳಗೆ ಬಾಯಿ ತೆರೆದುಕೊಂಡಿದ್ದ ಚಿಪ್ಪುಗಳ ಮೇಲೆ ಇಳಿಯಿತು. ಚಿಪ್ಪುಗಳು ಕುಡಿದವು.

ಸುಂಟರಗಾಳಿಯ ಕೈಯಲ್ಲಿದ್ದ ಬಾಟಲಿ ಜಾರಿ ಕಟ್ಟೆಗೆ ಬಡಿಯಿತು.

“ಚಿಕ್ಕಮ್ಮ, ಚಿಕ್ಕಪ್ಪ ಇದನ್ನ ಏನು ಕರಗಿಸಿ ಮಾಡಿದ್ದ?”

“ಹಳೇ ಬ್ಯಾಟರಿ ಕಣೇ. ಲಾರಿದು. ಒಡೆದು, ಒಳಗಿನ ಹಲಗೆ ತೆಗೆದು ಕರಗಿಸ್ದ. ಯಾಕೆ?”

ಲಾರಿ ಬ್ಯಾಟರಿಯ ಒಳಗಿನ ಹಲಗೆ ಎಂದರೆ ಸೀಸ, ಅಪ್ಪಟ ಸೀಸ. ಸುಮ್ಮನೆ ಬಿಟ್ಟಿದ್ದರೆ ಅದರ ಮೇಲೆ ಒಂದು ಮಬ್ಬು ಪೊರೆ ಕಟ್ಟಿಕೊಂಡು ಸೀಸ ಒಳಗೇ ಇರುತ್ತಿತ್ತು, ನೀರಿಗೆ ಬಿಡುವುದು ಅಷ್ಟಕ್ಕಷ್ಟೇ. ಆ ಪೊರೆಯನ್ನು ಕೊಳೆ ಎಂದುಕೊಂಡು ಚಿಕ್ಕಮ್ಮ ದಿನವೂ ಕೆರೆದು ತೆಗೆಯುತ್ತಿದ್ದಳು, ಕೆರೆದದ್ದನ್ನು ತೊಟ್ಟಿಯಲ್ಲೇ ಅದ್ದುತ್ತಿದ್ದಳು. ಬೇರೆ ಯಾವ ಮಾರುವವಳಿಗೂ ಇಂಥ ತೊಟ್ಟಿಯಿಲ್ಲ, ಇಷ್ಟು ಚೊಕ್ಕತನವೂ ಇಲ್ಲ. ಅವರ ಚಿಪ್ಪಿನಲ್ಲಿ ಮರಳು, ಇವಳದರಲ್ಲಿ ಸೀಸ.

ಸಿಕ್ಕಿತು ಎಂದು ಸುಂಟರಗಾಳಿ ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಬಂಡೆ ಶುದ್ಧ, ಫಲಕ ಹೋಗುತ್ತದೆ, ಯಾರೂ ಪರವಾನಗಿ ಮುಟ್ಟುವ ಹಾಗಿಲ್ಲ, ಎಲ್ಲ ಈ ಗುಂಡುಗಳ ಕಾರುಬಾರು, ಇವನ್ನು ತೆಗೆದುಬಿಟ್ಟರೆ ಆಯಿತು! ಹೇಳುತ್ತಾ ಹೇಳುತ್ತಾ ತೊಟ್ಟಿಯ ಸುತ್ತ ಒಂದು ಸುತ್ತು ಬಂದಳು. ಇಷ್ಟು ದಿನದ ಗಂಟು ಬಿಚ್ಚಿದ ಖುಷಿ ಸಣ್ಣದೇ? ಚಿಕ್ಕಮ್ಮ ಎದ್ದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳು.

ಚಿಕ್ಕಮ್ಮ ಏಳಲಿಲ್ಲ. ಮಡಿಲಿನಲ್ಲಿದ್ದ ಗುಂಡನ್ನು ನೋಡಿದಳು, ಬ್ರಷ್ಷನ್ನು ಕೆಳಗಿಟ್ಟಳು. ಆಮೇಲೆ ಎರಡೂ ಕೈಗಳನ್ನು ಮೇಲೆ ಮಾಡಿ ಸಂಜೆಯ ಬೆಳಕಿಗೆ ಹಿಡಿದಳು. ಅಂಗೈಯ ಗೆರೆಗಳಲ್ಲೆಲ್ಲ ಬೂದು ಬಣ್ಣ ಕೂತಿತ್ತು, ಉಗುರಿನ ಸಂದಿಯಲ್ಲೂ.

“ಚಿಪ್ಪು ಒಂದು ರಾತ್ರಿ ಕುಡಿದಿದ್ದಕ್ಕೇ ಇಷ್ಟು ಅಂತೀಯಲ್ಲ,” ಎಂದಳು. “ನಾನು ಎಷ್ಟು ವರ್ಷದಿಂದ ಉಜ್ತಾ ಇದ್ದೀನಿ?”

ಸುಂಟರಗಾಳಿ ಕೆಸರು ನೋಡಿದ್ದಳು, ಬಂಡೆ ನೋಡಿದ್ದಳು, ಗಂಡನ ಬೆಲ್ಟು ಬಿಚ್ಚಿಸಿದ್ದಳು, ತನ್ನ ಕೈಯನ್ನು ಎರಡೆರಡು ಸಲ ಅಳೆಸಿದ್ದಳು. ತನ್ನನ್ನು ಕೈಹಿಡಿದು ಕರೆದುಕೊಂಡು ಬಂದ ಕೈ ಇದು, ಇದನ್ನು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಇದೇ ಕೈಯಲ್ಲಿ ಚಿಕ್ಕಮ್ಮ ಉಣ್ಣುತ್ತಾಳೆ, ಮಾರಿ ಉಳಿದ ಚಿಪ್ಪನ್ನೂ ದಿನಾ ಅವಳೇ ತಿನ್ನುತ್ತಾಳೆ. ಸುಂಟರಗಾಳಿ ಕಟ್ಟೆಯ ಮೇಲೆ ಕುಸಿದು ಕೂತು, ಆ ಎರಡು ಕೈಗಳನ್ನು ಹಿಡಿದುಕೊಂಡು ಅತ್ತಳು. ಚಿಕ್ಕಮ್ಮನೇ ಸಮಾಧಾನ ಮಾಡಬೇಕಾಯಿತು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಬ್ರಷ್ಷಿಗಾಗಿ ರಂಪ ಮಾಡಿದ ಹುಡುಗಿಯೂ ತೋಳು ಮಡಿಸಿ ಪಕ್ಕದಲ್ಲಿ ಕೂತಳು. ನರ್ಸ್ ಸೂಜಿ ಎತ್ತಿದಾಗ ಚಿಕ್ಕಮ್ಮ, ನನ್ನನ್ನೂ ಒಡೆದು ನೋಡ್ತೀರಾ, ಸ್ಟೀಲ್ ಮುಟ್ಟಿಸಬೇಡಿ, ನಮ್ಮ ಹುಡುಗಿಗೆ ಆಗಲ್ಲ ಎಂದು ತಮಾಷೆ ಮಾಡಿದಳು. ನರ್ಸಿಗೆ ತಲೆಬುಡ ತಿಳಿಯಲಿಲ್ಲ. ಸುಂಟರಗಾಳಿಯ ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಚಿಕ್ಕಮ್ಮನ ರಕ್ತದಲ್ಲಿ ಇತ್ತು, ಸಾಕಷ್ಟೇ ಇತ್ತು. ಕೈಬೆರಳು ಜುಮ್ಮೆನ್ನುವುದು, ಹೊಟ್ಟೆನೋವು, ವಯಸ್ಸಾಯಿತು ಎಂದು ಅವಳು ಇಷ್ಟು ದಿನ ತಳ್ಳಿಹಾಕಿದ್ದೆಲ್ಲ ಅದೇ. ಸೀಸ ಒಳಗೆ ಹೋಗುವುದು ನಿಂತರೆ ರಕ್ತದಲ್ಲಿರುವುದು ನಿಧಾನವಾಗಿ ಇಳಿಯುತ್ತದೆ, ತಿಂಗಳುಗಳು ಬೇಕು, ಆಗಾಗ ಬಂದು ಪರೀಕ್ಷೆ ಮಾಡಿಸಬೇಕು ಎಂದರು ಡಾಕ್ಟರ್. 

“ಅಂದ್ರೆ ನಾನೂ ಕಕ್ಕಬೇಕು ಅನ್ನಿ,” ಎಂದಳು ಚಿಕ್ಕಮ್ಮ.

ಆಮೇಲಿನದ್ದೆಲ್ಲ ಬೇಗ ಬೇಗ ಆಯಿತು. ತೊಟ್ಟಿಯ ನೀರು, ಬ್ರಷ್, ಗುಂಡು ಎಲ್ಲವನ್ನೂ ಅಳೆದು ಮೇಡಂ ಸಹಿ ಹಾಕಿದರು. ಫಲಕ ಕೀಳಲು ಇನ್ಸ್‌ಪೆಕ್ಟರ್ ಖುದ್ದಾಗಿ ಬಂದ. ಗುಂಡುಗಳದ್ದೇ ದೊಡ್ಡ ಕಷ್ಟವಾಯಿತು. ಅವನ್ನು ಕಡಲಿಗೇ ಕೊಟ್ಟುಬಿಡೋಣ, ನಿನ್ನ ಚಿಕ್ಕಪ್ಪನ ಕಡಲಲ್ಲವೇ ಎಂದಳು ಚಿಕ್ಕಮ್ಮ. ಸುಂಟರಗಾಳಿ ಹೌಹಾರಿ ಗ್ಲೌಸ್ ಹಾಕಿಕೊಂಡು ಎಲ್ಲವನ್ನೂ ಗಟ್ಟಿ ಡಬ್ಬದಲ್ಲಿ ಮುಚ್ಚಿದಳು. ಲ್ಯಾಬಿನ ವಿಷದ ಸಾಮಾನಿನ ಜೊತೆ ಅವೂ ಹೋದವು. ಡಬ್ಬ ಮುಚ್ಚುವ ಮೊದಲು ಚಿಕ್ಕಮ್ಮ ಒಮ್ಮೆ ನೋಡಿದಳು, ಮುಟ್ಟಲಿಲ್ಲ. ತೊಟ್ಟಿ ಒಡೆದು ಹೊಸದು ಕಟ್ಟಿದರು. ಬಲೆಯ ಅಂಚಿಗೆ ಈಗ ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿಗಳು. ಅವನ್ನು ಕಟ್ಟಿಕೊಟ್ಟವನು ಡ್ರೈವರ್ ಅಳಿಯ, ಬೆಲ್ಟು ಬಿಚ್ಚಿಟ್ಟು ಬಂದು.

ಮೂರನೆಯ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಉತ್ತರ ತರಲು ಸುಂಟರಗಾಳಿಯೊಬ್ಬಳೇ ಹೋದಳು. ಚಿಕ್ಕಮ್ಮನಿಗೆ ಮಾರುಕಟ್ಟೆ ಬಿಟ್ಟು ಬರಲು ಪುರುಸೊತ್ತಿಲ್ಲ. ಆಸ್ಪತ್ರೆಯಿಂದ ಮಾರುಕಟ್ಟೆಗೆ ಬಸ್ಸಿದೆ, ಗಂಡನದೇ ಬಸ್ಸು. ಅದಕ್ಕೆ ಕಾಯುವ ತಾಳ್ಮೆ ಯಾರಿಗಿದೆ? ಓಡಿದಳು. ತರಕಾರಿ ಗಾಡಿಗಳ ನಡುವೆ, ಸೈಕಲ್ಲುಗಳ ನಡುವೆ, ಮಂಡಿ ಕಟಕಟ ಎನ್ನುತ್ತಿರಲು ಓಡಿದಳು. ದೂರದಿಂದಲೇ ಸಂಖ್ಯೆಯನ್ನು ಕೂಗುತ್ತಾ ಬಂದಳು. ಅರ್ಧಕ್ಕಿಂತ ಕೆಳಗೆ, ಚಿಕ್ಕಮ್ಮ, ಅರ್ಧಕ್ಕಿಂತ ಕೆಳಗೆ!

ಬುಟ್ಟಿಯ ಮುಂದೆ ನಿಂತಿದ್ದ ಗಿರಾಕಿ ಬೆಚ್ಚಿಬಿದ್ದು, ಇದೇನು ಗಲಾಟೆ, ಯಾವುದರ ಲೆಕ್ಕ ಎಂದು ಕೇಳಿದ. ಚಿಕ್ಕಮ್ಮ ಚಿಪ್ಪು ತುಂಬಿದ ಎರಡು ಕೈಗಳನ್ನು ಮೇಲೆತ್ತಿದಳು. ಉಗುರಿನ ಸಂದಿಗಳೂ ಈಗ ಬೆಳ್ಳಗಿದ್ದವು.

“ಧೈರ್ಯವಾಗಿ ತಗೊಳ್ಳಿ. ಇದರಲ್ಲಿ ಮಣ್ಣಿಲ್ಲ, ಸೀಸಾನೂ ಇಲ್ಲ. ಸೀಸ ಇರೋದು ನನ್ನೊಳಗೆ, ಅದನ್ನೂ ಕಕ್ತಾ ಇದ್ದೀನಿ.”